ತವನಪ್ಪನ ಕೇಶಲೋಚ

ತೊಳೆಯಲೆಂದು ಗಂಡನ ಅಂಗಿಯ ಕಿಸೆ ತಡಕಿದ ತಾರಾಬಾಯಿಗೆ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಒಂದು ಹಿಡಿ ಕೂದಲು. ಉದ್ದನೆಯ ಕೂದಲಾಗಿದ್ದರೆ ಒಂದು ಜಗಳ ಮಾಡಿ ಮುಗಿಸಬಹುದಿತ್ತು. ಇವು ಗಿಡ್ಡ, ಅರ್ಧ ನರೆತವು, ಸಾಕ್ಷಾತ್ ಗಂಡನವೇ. ತನ್ನ ಕೂದಲನ್ನು ತಾನೇ ಪೊಟ್ಟಣ ಕಟ್ಟಿ ಇಟ್ಟುಕೊಳ್ಳುವ ಗಂಡನ ಮೇಲೆ ಯಾವ ಸಂಶಯ ಪಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಪಕ್ಕದ ಮನೆಯ ಅಕ್ಕುತಾಯಿಗೆ ತಿಳಿಯಿತು. ಕಾಗವಾಡದ ಆ ಓಣಿಯಲ್ಲಿ ಯಾರ ಮನೆಯ ಸಾರಿಗೆ ಒಗ್ಗರಣೆ ಬಿದ್ದರೂ ಮೊದಲು ಸೀನುವವಳು ಆಕೆಯೇ.

"ಉಪ್ಪು ಬಿಟ್ಟಾನಂದಿ?"

"ಮೂರು ತಿಂಗಳಾತ್ರಿ ಅಕ್ಕಾರ. ಸಪ್ಪಗ ಉಣತಾರ."

"ಹಾಸಿಗಿ?"

"ದಿಂಬ ಬ್ಯಾಡಂತ ಚಾಪಿ ಮ್ಯಾಲ ಮಲಗತಾರ."

"ಸಿಟ್ಟು?"

"ಮೊನ್ನೆ ಹಾಲು ಉಕ್ಕಿಸಿದ್ನಿ. 'ಇರಲಿ ಬಿಡು' ಅಂದ್ರು." ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ಮಾತನ್ನು ತಾರಾಬಾಯಿ ಕೇಳಿರಲೇ ಇಲ್ಲ.

ಅಕ್ಕುತಾಯಿ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡಳು. "ಹುಚ್ಚಿ, ಇದು ಲೋಚ! ಮುನಿಗಳು ತಮ್ಮ ಕೂದಲಾ ಕೈಯಿಂದನ ಕಿತ್ಕೊಳ್ಳುದಿಲ್ಲೇನು? ನಿನ್ನ ಗಂಡ ಕದ್ದು ರೂಢಿ ಮಾಡಾಕತ್ತಾನ. ದೀಕ್ಷಾ ತಗೊಳ್ಳಾಂವ ಅದಾನ!"

ಜೈನ ಮುನಿಗಳೆಂದರೆ ತಾರಾಬಾಯಿಗೂ ಪಂಚಪ್ರಾಣ. ಆದರೆ ಅವರು ಬೇರೆಯವರ ಮನೆಯಿಂದ ಹೋದವರು.

ನಿಜ ಬೇರೆಯೇ ಇತ್ತು. ತವನಪ್ಪನಿಗೆ ಬೀಪಿ; ಅದಕ್ಕೇ ಉಪ್ಪು, ಸಿಟ್ಟು ಎರಡಕ್ಕೂ ಪಥ್ಯ. ಮಿರಜದ ಡಾಕ್ಟರು ಕೊಟ್ಟ ಗುಳಿಗೆ ಬೀಪಿಯ ಜೊತೆಗೆ ಕೂದಲನ್ನೂ ಇಳಿಸುತ್ತಿತ್ತು. ಹೆಂಡತಿಗೆ ಹೇಳಿದರೆ ಅಳುತ್ತಾಳೆಂದು ಪಾಪದವನು ಗುಳಿಗೆಯನ್ನು ಅಂಗಡಿಯಲ್ಲಿ ಬಚ್ಚಿಟ್ಟು, ದಿಂಬಿಗೆ ಕೂದಲು ಅಂಟೀತೆಂದು ಚಾಪೆಯ ಮೇಲೆ ಮಲಗಿ, ಉದುರಿದ ಕೂದಲನ್ನು ಪೊಟ್ಟಣ ಕಟ್ಟಿ ಊರ ಹೊರಗೆ ಎಸೆದು ಬರುತ್ತಿದ್ದ. ನಿನ್ನೆಯದನ್ನು ಎಸೆಯಲು ಮರೆತಿದ್ದ, ಅಷ್ಟೇ.

ಹತ್ತು ಗಂಟೆಗೆ ಅವನ ಗೊಬ್ಬರದ ಅಂಗಡಿಗೆ ಬಂದ ಶ್ರೀಪಾಲ ಯೂರಿಯಾ ಕೇಳುವ ಮೊದಲು ಕಾಲಿಗೆ ಬಿದ್ದ.

"ಏನಲೇ ಇದು?"

"ಕಾಕಾ, ನೀವು ಏನೂ ಹೇಳಬ್ಯಾಡ್ರಿ. ಊರಿಗೆಲ್ಲಾ ಗೊತ್ತಾಗೈತಿ."

ಹನ್ನೊಂದಕ್ಕೆ ಧನಪಾಲ ಬಂದ. ತವನಪ್ಪನ ಟೋಪಿ ತೆಗೆಸಿ, ಕೊಳ್ಳಲು ಬಂದವನು ಹೊಲ ನೋಡುವ ಹಾಗೆ ತಲೆ ನೋಡಿದ. "ಅರ್ಧಾ ಮುಗದೈತಿ," ಎಂದು ಭಕ್ತಿಯಿಂದ ಕೈಮುಗಿದು, ದೀಕ್ಷೆಯ ಮೆರವಣಿಗೆಗೆ ಆನೆ ಎಲ್ಲಿಂದ ತರಿಸೋಣವೆಂದು ಕೇಳಿದ. ತವನಪ್ಪ ಅಂಗಡಿಯ ಬಾಗಿಲೆಳೆದು ಮನೆಗೆ ಓಡಿದ.

ಅಲ್ಲಿ ತಾರಾಬಾಯಿ ಟ್ರಂಕಿಗೆ ಸೀರೆ ತುಂಬುತ್ತಿದ್ದಳು. "ನೀವು ಬಿಟ್ಟು ಹೋಗೂದ್ಕಿಂತ ಮೊದಲ ನಾನ ತವರಿಗೆ ಹೊಂಟೀನ್ರಿ. ಸಂಜೀ ಬಸ್ಸಿಗೆ."

"ಎಲ್ಲಿಗೂ ಹೋಗಾಂವಲ್ಲ ನಾ! ನನಗ ಬೀಪಿ ಐತಿ. ಆ ಗುಳಿಗಿಗೆ ಕೂದಲ ಉದರಾಕತ್ತಾವ!"

"ನೆತ್ತರಿನ ಗುಳಿಗಿಗೆ ನೆತ್ತೀ ಕೂದಲ ಯಾಕ ಉದರತಾವ್ರಿ? ನಂಬಾಕರ ಬರೂವಂಥಾ ಸುಳ್ಳ ಹೇಳ್ರಿ."

"ಮನಿ ಬಿಡಾವ್ರು ಹಿಂಗ ಏನರ ಹೇಳೇ ಬಿಡತಾರ," ಎಂದಳು ಬಾಗಿಲಲ್ಲಿ ನಿಂತ ಅಕ್ಕುತಾಯಿ.

ತವನಪ್ಪ ಲೆಕ್ಕ ಹಾಕಿದ. ಹೆಂಡತಿ ಹೋದರೆ ಮನೆಯಲ್ಲಿ ಉಳಿಯುವುದು ತಾನು ಮತ್ತು ತನ್ನ ಸಪ್ಪೆ ಊಟ. "ನಡಿ ಮಿರಜಕ್ಕ, ಡಾಕ್ಟರ್ ಬಾಯಿಂದನ ಕೇಳು," ಎಂದು ಹೊರಡಿಸಿದ. ಯಾರೂ ಕರೆಯದಿದ್ದರೂ ಅಕ್ಕುತಾಯಿ ಬಸ್ಸು ಹತ್ತಿದಳು. ಹೆಂಡತಿ ಪಕ್ಕದಲ್ಲಿ ಕುಳಿತಳೆಂಬ ಸಮಾಧಾನಕ್ಕೆ ತವನಪ್ಪ ದಾರಿಯುದ್ದಕ್ಕೂ ಗೊರಕೆ ಹೊಡೆದ.

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಪಾದರಸ ನೋಡಿ ಹಿಗ್ಗಿದರು. "ನೂರಾ ಇಪ್ಪತ್ತು, ಎಂಬತ್ತು! ಬೀಪಿ ಪೂರಾ ಇಳದೈತ್ರಿ. ಕೂದಲ ಉದರಿದ್ದು ನಮ್ಮ ಗುಳಿಗಿಂದನ. ಇನ್ನ ಅದನ್ನ ಬಿಟ್ಟಬಿಡೂನು."

"ಕೇಳಿದಿ?" ತವನಪ್ಪ ಗೆದ್ದವನಂತೆ ಹೆಂಡತಿಯತ್ತ ತಿರುಗಿದ. ಅವಳ ಮುಖ ಸಡಿಲವಾಗತೊಡಗಿತ್ತು. ಅಷ್ಟರಲ್ಲಿ ಡಾಕ್ಟರು ಮುಂದುವರಿಸಿದರು.

"ಆದ್ರ ಪಥ್ಯ ಬಿಗಿ ಆಗಬೇಕು. ಉಪ್ಪಿನ ಜೋಡಿ ಎಣ್ಣಿ, ತುಪ್ಪಾನೂ ಬಿಡ್ರಿ. ಹೊಟ್ಟಿ ತುಂಬ ಒಂದ ಹೊತ್ತು ಉಂಡ್ರ ಸಾಕು. ದಿನಾ ನಾಕ ಮೈಲ ನಡೀರಿ. ಮಾತು ಕಡಿಮಿ ಮಾಡ್ರಿ. ಮನಿ, ಅಂಗಡಿ, ಎಲ್ಲಾದರ ಚಿಂತೀನೂ ಬಿಟ್ಟಬಿಡ್ರಿ. ಇನ್ನ ತೆಲ್ಯಾಗ ಉಳದ ಕೂದಲಾನೂ ಒಮ್ಮೆ ತಗಿಸಿಬಿಡ್ರಿ, ಹೊಸಾವು ಬರತಾವ."

ಒಂದೊಂದೂ ಮುನಿವ್ರತವೇ ಎಂದು ಬೆರಳು ಮಡಚಿ ಎಣಿಸುತ್ತಿದ್ದ ಅಕ್ಕುತಾಯಿ ಎದ್ದು ನಿಂತು ಡಾಕ್ಟರಿಗೇ ಕೈಮುಗಿದಳು. ತಾರಾಬಾಯಿ ಗೊಳೋ ಎಂದು ಅತ್ತಳು. "ಸಾಹೇಬ್ರ, ದೀಕ್ಷಾದ ದಿನಾನೂ ನೀವ ಬರದಕೊಡ್ರಿ!"

"ಬಾಯಿ ಮುಚ್ರಲೇ ಎಲ್ಲಾರೂ!" ತವನಪ್ಪ ಕಿರುಚಿದ. ಮೂರು ತಿಂಗಳು ತಡೆದಿಟ್ಟ ಸಿಟ್ಟೆಲ್ಲ ಒಮ್ಮೆಗೇ ಹೊರಬಿತ್ತು. ಮೇಜು ಗುದ್ದಿದ. ಅಕ್ಕುತಾಯಿಯನ್ನು ಅವಳ ತವರಿನ ಸಮೇತ ಬೈದ. ಡಾಕ್ಟರನ್ನೂ ಬಿಡಲಿಲ್ಲ. ಅವನ ಮುಖ ಬ್ಯಾಡಗಿ ಮೆಣಸಿನಕಾಯಿಯಾಗಿತ್ತು.

ಡಾಕ್ಟರು ಗಾಬರಿಯಿಂದ ಮತ್ತೆ ಪಟ್ಟಿ ಸುತ್ತಿದರು. ಪಾದರಸ ಏರಿತು, ಏರುತ್ತಲೇ ಹೋಯಿತು.

"ನೂರಾ ತೊಂಬತ್ತು! ಗುಳಿಗಿ ಬಿಡಂಗಿಲ್ಲ. ಇವತ್ತಿಂದ ಎರಡೆರಡು."

"ಕೂದಲ?" ತವನಪ್ಪನ ಧ್ವನಿ ಸೋತಿತ್ತು.

"ಅವನ್ನ ಮರತಬಿಡ್ರಿ."

ತಾರಾಬಾಯಿ ಕಣ್ಣೊರೆಸಿಕೊಂಡಳು. ಇಷ್ಟು ಸಿಟ್ಟಿನ ಮನುಷ್ಯನಿಗೆ ಯಾವ ಗುರುಗಳೂ ದೀಕ್ಷೆ ಕೊಡಲಾರರು. ಬೆಳಗಿನಿಂದ ಮೊದಲ ಬಾರಿಗೆ ಅವಳ ಮುಖ ಅರಳಿತು.

"ಎರಡ್ಯಾಕ್ರಿ ಸಾಹೇಬ್ರ?" ಎಂದಳು. "ಮೂರ ಬರೀರಿ. ಬೋಳ ಆದ್ರೂ ಆಗಲಿ, ಮನ್ಯಾಗ ಉಳೀತಾರ."