ಬೀಗರೊಡನೆ ನಾಗರಿಕತೆ ಕಟ್ಟಲು ಹೋದದ್ದು

ಕೆಲಸ ಮುಗಿಸುವ ಚಿಂತೆ ನನ್ನನ್ನು ಎಂದೂ ಅಷ್ಟಾಗಿ ಕಾಡಿಲ್ಲ. ಕಾಡುವುದು ಶುರು ಮಾಡುವ ಚಿಂತೆ. ಇದಕ್ಕೆ ನನ್ನ ಹೊಟ್ಟೆಪಾಡೇ ಕಾರಣವಿರಬೇಕು. ಹುಬ್ಬಳ್ಳಿಯ ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಲಾರಿಗಳಿಗೆ ಮಾಲು ಹೇರಿಸುವುದು ನನ್ನ ಉದ್ಯೋಗ. ಕೊನೆಗೆ ಇಳಿಯುವ ಮಾಲು ಮೊದಲು ಏರಬೇಕು, ಮೊದಲು ಇಳಿಯುವುದು ಕೊನೆಗೆ. ಹಾವೇರಿಯಲ್ಲಿ ಇಳಿಯಬೇಕಾದ ಪೆಟ್ಟಿಗೆಯನ್ನು ಮರೆತು ಮೊದಲೇ ಒಳಗೆ ತುರುಕಿದರೆ, ದಾವಣಗೆರೆಯ ಸಾಮಾನನ್ನೆಲ್ಲ ಹಾವೇರಿಯ ರಸ್ತೆಯ ಮೇಲೆ ಹರಡಬೇಕಾಗುತ್ತದೆ. ಆಗ ಡ್ರೈವರ್ ಫೋನು ಮಾಡಿ ನನ್ನ ವಂಶದವರನ್ನೆಲ್ಲ ನೆನೆಯುತ್ತಾನೆ. ಹೀಗೆ ವರ್ಷಗಟ್ಟಲೆ ನೆನೆಸಿಕೊಂಡ ಮೇಲೆ ಮನುಷ್ಯನ ಬುದ್ಧಿ ಒಂದು ಆಕಾರಕ್ಕೆ ಬಂದುಬಿಡುತ್ತದೆ. ಈಗ ಸಂತೆಯಲ್ಲಿ ಆಲೂಗಡ್ಡೆ ಚೀಲಕ್ಕೆ ಬೀಳುವವರೆಗೂ ನಾನು ಟೊಮ್ಯಾಟೊ ಅಂಗಡಿಯ ಕಡೆ ತಿರುಗಿ ನೋಡುವುದಿಲ್ಲ. ಊಟಕ್ಕೆ ಕೂತಾಗ ರೊಟ್ಟಿಯನ್ನು ಯಾವ ಮಗ್ಗುಲಿನಿಂದ ಮುರಿಯಬೇಕೆಂದು ಯೋಚಿಸುತ್ತೇನೆಂದು ನನ್ನ ಹೆಂಡತಿ ಗಿರಿಜಾ ಬಂದವರ ಮುಂದೆಲ್ಲ ಹೇಳುತ್ತಾಳೆ. ಅದು ಪೂರ್ತಿ ಸುಳ್ಳೇನಲ್ಲ.

ಇಂಥವನ ಕೈಗೆ ನಮ್ಮ ಅಳಿಯ ಮಹೇಶ ಒಂದು ಆಟ ಕೊಟ್ಟ. ಧಾರವಾಡದ ಹುಡುಗ, ಅಲ್ಲಿಯೇ ಡಿಪ್ಲೊಮಾ ಕಾಲೇಜೊಂದರಲ್ಲಿ ಪಾಠ ಹೇಳುತ್ತಾನೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ನಮ್ಮ ಮನೆಗೆ ಬಂದಾಗಲೆಲ್ಲ ಮಾವ ಅಳಿಯ ಇಬ್ಬರೂ ತಿರುಗುವ ಫ್ಯಾನನ್ನು ನೋಡುತ್ತ ಕೂರುವುದು ಅವನಿಗೂ ಸಾಕಾಗಿತ್ತೆಂದು ಕಾಣುತ್ತದೆ. ನನ್ನ ಟ್ಯಾಬ್‌ಗೆ ಆಟ ಹಾಕಿ, ಅರ್ಧ ಗಂಟೆ ವಿವರಿಸಿ ಹೋದ. ಮನುಷ್ಯರು ಇನ್ನೂ ಊರು ಕಟ್ಟದ ಕಾಲ. ಪರದೆಯೆಲ್ಲ ಕಪ್ಪು, ನಡುವೆ ಅಂಗೈಯಗಲ ಹಸಿರು. ಅದರ ಮೇಲೆ ಗಂಟುಮೂಟೆ ಹೊತ್ತು ನಿಂತ ಒಂದು ಸಂಸಾರ, ಅವರ ಕಾವಲಿಗೆ ಬಡಿಗೆ ಹಿಡಿದ ಒಬ್ಬ. ಸಂಸಾರವನ್ನು ಎಲ್ಲಿ ಕೂರಿಸುತ್ತೀರೋ ಅಲ್ಲಿ ಊರು ಹುಟ್ಟುತ್ತದೆ. ಒಂದು ಸರದಿ ನಮ್ಮದು, ಒಂದು ಸರದಿ ಎದುರಿನವರದು. ಹೀಗೆ ಸರದಿಯ ಮೇಲೆ ಸರದಿ ಸಾಗಿ ಊರು ರಾಜ್ಯವಾಗಿ, ರಾಜ್ಯ ನಾಗರಿಕತೆಯಾಗಿ, ಕಡೆಗೆ ಚಂದ್ರನಿಗೆ ರಾಕೆಟ್ಟು ಹಾರಿಸುವವರೆಗೂ ಹೋಗಬಹುದಂತೆ. ಅಂತೆ ಎನ್ನುವುದು ಯಾಕೆಂದರೆ, ನಾನು ಇನ್ನೂ ಚಕ್ರವನ್ನೇ ಕಂಡುಹಿಡಿದಿಲ್ಲ.

ಒಬ್ಬನೇ ಆಡಿ ಆಡಿ ನನಗೆ ಒಂದು ಮಾತು ಮನದಟ್ಟಾಯಿತು. ಈ ಆಟದಲ್ಲಿ ಮುಂದಿನದೆಲ್ಲ ಮೊದಲ ಕೆಲವು ಸರದಿಗಳ ಮೇಲೆ ನಿಂತಿದೆ. ಮೊದಲ ಸರದಿಯಲ್ಲೇ ಊರು ಕಟ್ಟಬೇಕು. ಒಂದು ಹೆಜ್ಜೆ ಆಚೆ ಇನ್ನೂ ಛಲೋ ಜಾಗವಿರಬಹುದೆಂದು ಅಲೆದರೆ, ಅಲೆದಷ್ಟೂ ಸರದಿ ನಷ್ಟ. ಊರಾದ ಕೂಡಲೆ ಸುತ್ತಲಿನ ಕತ್ತಲೆ ನೋಡಿ ಬರಲು ಒಬ್ಬನನ್ನು ಕಳಿಸಬೇಕು. ಆಮೇಲೆ ಕಣಜವೋ ಸೈನಿಕನೋ ಎಂಬ ಪ್ರಶ್ನೆ. ಲಾರಿ ತುಂಬುವಾಗಲೂ ನಾನು ಇದನ್ನೇ ಯೋಚಿಸುತ್ತ, ಮೆಣಸಿನಕಾಯಿ ಚೀಲದ ಮೇಲೆ ಕೈಯಿಟ್ಟು ನಿಂತುಬಿಡುತ್ತಿದ್ದೆ. ಗಿರಿಜಾ ಒಂದು ದಿನ ಅಕ್ಕಿ ಆರಿಸುತ್ತ ಹೆಗಲ ಮೇಲಿಂದ ಇಣುಕಿ, ಮೊದಲು ನೀರು ನೋಡಬೇಕು, ಆಮೇಲೆ ಕಣಜ, ಬಡಿಗೆ ಹಿಡಿದವನೂ ಉಣ್ಣಬೇಕಲ್ಲ ಎಂದು ಹೇಳಿ ಒಳಗೆ ಹೋದಳು. ನಾನು ಹದಿನೈದು ದಿನ ಸೋತು ಕಲಿತದ್ದು ಅಷ್ಟೇ ಇತ್ತು.

ಆಟವನ್ನು ಇಬ್ಬರು ಬೇರೆ ಬೇರೆ ಊರಿನಲ್ಲಿ ಕೂತೂ ಆಡಬಹುದು. ದಿನಕ್ಕೊಂದು ಸರದಿ. ಒಬ್ಬರು ಆಡಿ ಮುಗಿಸಿದರೆ ಎದುರಿನವರ ಟ್ಯಾಬ್ ಟಣ್ ಎನ್ನುತ್ತದೆ. ಮಹೇಶ ಇದನ್ನು ತನ್ನ ತಂದೆಗೂ ಹಾಕಿಕೊಟ್ಟು, ನಮ್ಮಿಬ್ಬರನ್ನು ಎದುರುಬದುರು ನಿಲ್ಲಿಸಿದ. ಅವನ ತಂದೆ ಎಂದರೆ ನನ್ನ ಬೀಗರು, ಚನ್ನವೀರಪ್ಪನವರು. ಧಾರವಾಡದಲ್ಲಿ ಕಾಳುಕಡಿಯ ವ್ಯಾಪಾರ ಮಾಡಿ, ಈಗ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಮನೆಯಲ್ಲಿರುವವರು. ಬಹಳ ಸಜ್ಜನರು. ಕಷ್ಟವಿರುವುದೇ ಅಲ್ಲಿ. ಅವರು ನಮ್ಮ ಮನೆಗೆ ಬಂದರೆ ನಾನು ಕೂರುವವರೆಗೆ ಅವರು ಕೂರುವುದಿಲ್ಲ, ಅವರು ಕೂರುವವರೆಗೆ ನಾನು ಕೂರುವ ಹಾಗಿಲ್ಲ. ಒಂದು ಸಲ ಹೀಗೆಯೇ ನಿಂತುಕೊಂಡು ಇಬ್ಬರೂ ಉಪ್ಪಿಟ್ಟು ತಿಂದು ಮುಗಿಸಿದ್ದೇವೆ.

ಆಟ ಶುರುವಾದ ದಿನ ನೋಡಿದೆ. ಇಬ್ಬರು ಆಡುವಾಗ ಪರದೆಯ ಮೇಲೆ ಕತ್ತಲೆ ಇರುವುದಿಲ್ಲ, ಎಲ್ಲ ಬಯಲು. ನಡುವೆ ಒಂದು ಹೊಳೆ, ಹೊಳೆಯ ತಿರುವಿನಲ್ಲಿ ಒಂದು ಗುಡ್ಡ. ಗುಡ್ಡದ ಒಂದು ಮಗ್ಗುಲಿಗೆ ಗೋಧಿ, ಇನ್ನೊಂದು ಮಗ್ಗುಲಿಗೆ ಕುದುರೆ. ಊರು ಕಟ್ಟಲೆಂದೇ ದೇವರು ಒರೆಸಿಟ್ಟ ಜಾಗ. ಈಚೆಗೆ ನನ್ನ ಸಂಸಾರ, ಆಚೆಗೆ ಅಷ್ಟೇ ದೂರದಲ್ಲಿ ಬೀಗರ ಸಂಸಾರ. ನನ್ನ ಲೆಕ್ಕಾಚಾರದ ಪ್ರಕಾರ ತಕ್ಷಣ ಗುಡ್ಡ ಏರಬೇಕಿತ್ತು. ಆದರೆ ಬೀಗರ ಕಡೆಯವರು ಎದುರಿಗೆ ಗಂಟು ಹೊತ್ತು ನಿಂತಿರುವಾಗ ನಾವು ಹೋಗಿ ಗುಡ್ಡದ ಮೇಲೆ ಕಾಲು ಚಾಚಿ ಕೂರುವುದು ಹೇಗೆ? ಅವರಿಗೆ ಜಾಗ ಮಾಡಿಕೊಟ್ಟಂತಾಗಲೆಂದು ನನ್ನವರನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿದೆ. ಮರುದಿನ ಟಣ್ ಎಂದಿತು. ತೆರೆದರೆ ಅವರೂ ಒಂದು ಹೆಜ್ಜೆ ಹಿಂದೆ ಸರಿದಿದ್ದರು. ನಾನು ಇನ್ನೊಂದು ಹೆಜ್ಜೆ ಸರಿದೆ. ಅವರೂ ಸರಿದರು. ಎರಡು ವಾರ ಕಳೆಯುವಷ್ಟರಲ್ಲಿ ನನ್ನ ಜನ ಸಮುದ್ರದ ದಂಡೆ ಮುಟ್ಟಿದ್ದರು, ಬೀಗರ ಜನ ಮರಳುಗಾಡಿನಲ್ಲಿ ನಿಂತಿದ್ದರು. ನಡುವೆ ಗುಡ್ಡ ಖಾಲಿ.

ಕಡೆಗೆ ನಾನೇ ಫೋನು ಮಾಡಿದೆ.

“ಬೀಗರ, ಗುಡ್ಡ ಖಾಲಿನ ಐತಲ್ರಿ. ನೀವು ಕುಂಡರ್ರಿ.”

“ನಿಮ್ಮ ಎದುರಿಗೆ ನಾವು ಹ್ಯಾಂಗ ಕುಂಡ್ರೂದ್ರಿ? ನೀವು ಕುಂಡರ್ರಿ. ನಾವು ಎಲ್ಲೆರ ಅಡ್ಜಸ್ಟ್ ಆಗ್ತೇವಿ.”

“ನಾವು ಹೆಣ್ಣು ಕೊಟ್ಟಾವ್ರರಿ.”

“ಅದಕ್ಕ ಹೇಳಾಕತ್ತೇನಿ. ಕೊಟ್ಟಾವ್ರು ದೊಡ್ಡಾವ್ರು.”

ಮೊಣಕಾಲು ನೋವು, ಮಳೆ, ಮೆಣಸಿನಕಾಯಿ ರೇಟು ಮಾತಾಡಿ ಫೋನು ಇಟ್ಟೆವು.

ಇದಿಷ್ಟೇ ಆಗಿದ್ದರೆ ನಾನು ನಗುತ್ತ ಮರೆಯುತ್ತಿದ್ದೆ. ಆದರೆ ಅದೇ ಹೊತ್ತಿಗೆ ನಮ್ಮ ಮಗಳು ವೀಣಾಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ. ಕುಬಸ, ಅಂದರೆ ಸೀಮಂತದ ಶಾಸ್ತ್ರ, ಮುಗಿಸಿ ಮಗಳನ್ನು ಹೆರಿಗೆಗೆ ತವರಿಗೆ ಕರೆತರುವುದು ನಮ್ಮ ಕಡೆಯ ರೂಢಿ. ಈಗ ಮೊದಲಿನಂತೆ ಅದು ತಾನಾಗಿಯೇ ಆಗುವುದಿಲ್ಲ. ಅವಳು ತೋರಿಸಿಕೊಳ್ಳುವ ಡಾಕ್ಟರು ಧಾರವಾಡದಲ್ಲಿ, ದವಾಖಾನೆ ಮನೆಯ ಹತ್ತಿರ. ಹಾಗಾಗಿ ಬಾಯಿ ಬಿಟ್ಟು ಕೇಳಬೇಕು. ಕುಬಸದ ದಿನ ಬೀಗರೇ ಮಾತು ತೆಗೆದು, ಹೆರಿಗೆ ಎಲ್ಲಿ ಎನ್ನುವುದು ನಿಮ್ಮ ಇಚ್ಛಾ ಎಂದರು. ಛೇ ಛೇ, ನಿಮ್ಮ ಇಚ್ಛಾ ಎಂದೆ. ಹಾಗಲ್ಲ, ನಿಮ್ಮದೇ ಎಂದರು. ಅಷ್ಟರಲ್ಲಿ ಹೋಳಿಗೆ ಬಂತು. ಹೋಳಿಗೆ ಉಂಡು, ಮಗಳನ್ನು ಅಲ್ಲಿಯೇ ಬಿಟ್ಟು ಬಸ್ಸು ಹತ್ತಿದೆವು. ಗಿರಿಜಾ ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತಿದ್ದಳು.

ಅವಳೇನೂ ಜಗಳ ತೆಗೆಯಲಿಲ್ಲ. ಒಳಕೋಣೆಗೆ ಸುಣ್ಣ ಹೊಡೆಸಿದಳು. ಮಂಚವನ್ನು ಗಾಳಿ ಬಡಿಯದ ಮೂಲೆಗೆ ಸರಿಸಿದಳು. ಹಳೆಯ ಮೆತ್ತನೆಯ ಸೀರೆಗಳನ್ನು ಹರಿದು, ಕುದಿಸಿ, ಕೂಸಿನ ಬಟ್ಟೆಗೆಂದು ಮಡಿಚಿಟ್ಟಳು. ಬಾಣಂತಿ ತಿನ್ನುವ ಅಂಟಿನ ಉಂಡಿಗೆ ಬೇಕಾದ ಅಂಟು, ಉತ್ತತ್ತಿ, ಒಣಕೊಬ್ಬರಿ ಬಂದು ಡಬ್ಬಿ ಸೇರಿದವು. ಬರುವವಳು ಬರುತ್ತಾಳೋ ಇಲ್ಲವೋ ಎಂಬುದೊಂದೇ ಗೊತ್ತಿರಲಿಲ್ಲ. ಒಂದು ಸಂಜೆ ಕೊಬ್ಬರಿ ತುರಿಯುತ್ತ, ನನ್ನ ಕೈಯಲ್ಲಿದ್ದ ಟ್ಯಾಬಿನ ಕಡೆ ನೋಡಿ ಮೆಲ್ಲಗೆ ಹೇಳಿದಳು.

“ನಿಮ್ಮ ಮಂದಿ ಸಮುದ್ರದ ದಂಡಿಗೆ ಬಂದಾರ. ಇನ್ನೊಂದು ಹೆಜ್ಜಿ ಹಿಂದ ಸರದ್ರ ಮುಳಗ್ತಾರ. ಮಗಳ ವಿಷಯದಾಗೂ ನೀವು ಹಿಂಗ ಸರಿಯಾಕತ್ತೀರಿ. ನಾ ನೋಡಾಕತ್ತೇನಿ.”

ನಾನು ಉತ್ತತ್ತಿಯ ಬೀಜ ತೆಗೆಯುವುದಕ್ಕೆ ನೆರವಾದೆ.

ಮಾರನೆಯ ವಾರ ಎರಡು ಸುದ್ದಿ ಒಟ್ಟಿಗೆ ಬಂದವು. ಮೊದಲನೆಯದು, ಗುಡ್ಡದ ಮೇಲೆ ಹೊಗೆ. ಯಾವ ರಾಜ್ಯಕ್ಕೂ ಸೇರದ ದರೋಡೆಕೋರರು ಅಲ್ಲಿ ಡೇರೆ ಹಾಕಿದ್ದರು. ಈ ಆಟದಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಅಂಥವರು ಬಂದು ಕೂರುತ್ತಾರೆ. ಅವರಿಗೆ ಬೀಗರಿಲ್ಲ. ನಮ್ಮ ಗೋಧಿ, ಬೀಗರ ಕುದುರೆ, ಎಲ್ಲದರ ನಡುವೆ ಆರಾಮಾಗಿ ಒಲೆ ಹೂಡಿದ್ದರು. ಎರಡನೆಯದು ವೀಣಾಳ ಫೋನು. ಯಾವ ದವಾಖಾನೆಗೆ ಹೆಸರು ಬರೆಸುತ್ತೀರಿ, ಹುಬ್ಬಳ್ಳಿಗೆ ಹೋಗುವುದಿದ್ದರೆ ಈಗಲೇ ಹೋಗಬೇಕು, ಆಮೇಲೆ ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಂತೆ.

“ಅಪ್ಪಾ, ನನಗ ಎಲ್ಲಿದ್ರೂ ಅಡ್ಡಿಯಿಲ್ಲ. ಒಬ್ರರ ಒಂದು ಮಾತು ಹೇಳ್ರಿ. ನೀವು ಅವರ ಇಚ್ಛಾ ಅಂತೀರಿ, ಅವರು ನಿಮ್ಮ ಇಚ್ಛಾ ಅಂತಾರ. ಹಿಂಗಾದ್ರ ಕೂಸು ನಡುವ ನವನಗರದ ಬಸ್‌ಸ್ಟಾಪಿನ್ಯಾಗ ಹುಟ್ತೈತಿ ನೋಡ್ರಿ.”

ಅವಳು ನಕ್ಕಳು. ನಾನೂ ನಕ್ಕೆ. ಪಕ್ಕದಲ್ಲಿ ಕೇಳುತ್ತಿದ್ದ ಗಿರಿಜಾ ನಗಲಿಲ್ಲ.

ಮರುದಿನ ಭಾನುವಾರ. ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಲಾರಿಯೊಂದರ ಮುಂದೆ ನಿಂತವನ ಹಾಗೆ ಯೋಚಿಸಿದೆ. ಬೀಗರೊಡನೆ ಇಷ್ಟು ದಿನ ಮಾಡಿದ ಫೋನುಗಳಲ್ಲೆಲ್ಲ ಮುಖ್ಯ ಮಾತನ್ನು ನಾನು ಎಲ್ಲಕ್ಕಿಂತ ಒಳಗೆ, ಎಲ್ಲಕ್ಕಿಂತ ತಳಕ್ಕೆ ಹೇರುತ್ತಿದ್ದೆ. ಮೇಲೆ ಮೊಣಕಾಲು, ಅದರ ಮೇಲೆ ಮಳೆ, ಅದರ ಮೇಲೆ ಮೆಣಸಿನಕಾಯಿ. ಮೇಲಿನದನ್ನು ಇಳಿಸುವಷ್ಟರಲ್ಲಿ ಮಾತು ಮುಗಿದು, ತಳದ ಮಾಲು ಹಾಗೆಯೇ ವಾಪಸು ಬರುತ್ತಿತ್ತು. ಇಷ್ಟು ವರ್ಷದ ಅನುಭವ ಇಟ್ಟುಕೊಂಡು ಇದು ನನಗೆ ಹೊಳೆಯದೇ ಹೋದದ್ದು ಹೇಗೋ.

ಮೊದಲು ಅಭ್ಯಾಸಕ್ಕೆಂದು ಟ್ಯಾಬ್ ತೆರೆದೆ. ನನ್ನ ಸರದಿಯೇ ಇತ್ತು. ಗುಡ್ಡ ಹೋಗಿತ್ತು, ಗೋಧಿ ಹೋಗಿತ್ತು. ಸಮುದ್ರದ ದಂಡೆಯಲ್ಲಿ ನಿಂತಿದ್ದ ಸಂಸಾರವನ್ನು ನಿಂತಲ್ಲೇ ಕೂರಿಸಿಬಿಟ್ಟೆ. ಊರಾಯಿತು. ಮರಳು, ಮೀನು ಬಿಟ್ಟರೆ ಏನೂ ಇಲ್ಲದ ಊರು. ಮೀನು ಮುಟ್ಟದ ನಮ್ಮಂಥವರಿಗೆ ಮರಳೊಂದೇ ಉಳಿಯಿತೆನ್ನಬೇಕು. ಆದರೂ ತುತ್ತೂರಿ ಊದಿತು. ಆ ಸದ್ದಿನ ಧೈರ್ಯದಲ್ಲೇ ಫೋನು ತೆಗೆದು ಹಚ್ಚಿದೆ. ಆಚೆಯಿಂದ ಹಲೋ ಎಂದದ್ದೇ, ಆರಾಮ ಇದ್ದೀರೇನು ಎಂದು ಕೂಡ ಕೇಳದೆ ಮಾಲು ಇಳಿಸಿದೆ.

“ಬೀಗರ, ವೀಣಾನ್ನ ಹೆರಿಗಿಗೆ ನಮ್ಮ ಮನಿಗೆ ಕರಕೊಂಡು ಬರ್ತೇನ್ರಿ. ಇದು ನಮ್ಮ ಇಚ್ಛಾ.”

ಅವರ ಮನೆಯ ಟಿವಿಯಲ್ಲಿ ಯಾರೋ ಬದನೆಕಾಯಿ ಎಣ್ಣೆಗಾಯಿ ಮಾಡುವುದನ್ನು ಹೇಳಿಕೊಡುತ್ತಿದ್ದರು. ಮಸಾಲೆ ತುಂಬುವವರೆಗೂ ಕೇಳಿಸಿಕೊಂಡೆ. ಸಂಬಂಧ ಹದಗೆಟ್ಟಿತೆಂದು ನನ್ನಷ್ಟಕ್ಕೆ ನಿಶ್ಚಯ ಮಾಡಿಕೊಂಡೆ. ಬಾಗಿಲಲ್ಲಿ ಗಿರಿಜಾ ಸೆರಗಿನ ತುದಿ ಹಿಡಿದು ನಿಂತಿದ್ದಳು.

“ಅಂತೂ ಹೇಳಿದ್ರಲ್ಲ” ಎಂದರು ಬೀಗರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಕರಕೊಂಡು ಹೋಗ್ರಿ. ಖರೇ ಹೇಳ್ಬೇಕಂದ್ರ ನಮಗೂ ಇಲ್ಲೇ ಇಟ್ಕೋಬೇಕಂತ ಆಸೆ ಇತ್ರಿ. ಮಹೇಶ ಹುಟ್ಟಿದ ಮ್ಯಾಲ ನಮ್ಮ ಮನ್ಯಾಗ ಕೂಸಿನ ಸಪ್ಪಳ ಇಲ್ಲ. ನಿಮಗ ಹ್ಯಾಂಗ ಹೇಳೂದು ಅಂತ ಸುಮ್ನಿದ್ದೆ. ಹಿಂಗ ನೆಟ್ಟಗ ಮಾತಾಡೂದು ಛಲೋ ಬಿಡ್ರಿ. ನಾನೂ ಇನ್ನ ಮ್ಯಾಲ ಹಿಂಗ ಮಾತಾಡ್ತೇನಿ.”

ಗಿರಿಜಾಳಿಗೆ ಕಣ್ಣಲ್ಲೇ ಹೇಳಿದೆ. ಅವಳು ಸೆರಗು ಬಿಟ್ಟು ಒಳಗೆ ಹೋದಳು. ಡಬ್ಬಿಯ ಮುಚ್ಚಳ ತೆರೆದ ಸದ್ದಾಯಿತು. ನಾನು ಅಲ್ಲಿಗೆ ಫೋನು ಇಟ್ಟಿದ್ದರೆ ನನ್ನ ಆಯುಷ್ಯದಲ್ಲಿ ಒಮ್ಮೆಯಾದರೂ ಸರಿಯಾಗಿ ಶುರು ಮಾಡಿ ಸರಿಯಾಗಿ ಮುಗಿಸಿದ ಕೆಲಸವೊಂದು ಇರುತ್ತಿತ್ತು. ಆದರೆ ಕೂಸಿನ ಸಪ್ಪಳದ ಮಾತು ಕೇಳಿ ಮನಸ್ಸು ಒಂಥರಾ ಆಗಿತ್ತು. ಬಾಯಿ ತನ್ನಷ್ಟಕ್ಕೆ ತಾನು ನುಡಿಯಿತು. ನೀವಿಬ್ಬರೂ ಬಂದುಬಿಡ್ರಿ, ನಮ್ಮ ಮನಿ ನಿಮ್ಮದ ಅಲ್ಲೇನು ಎಂದೆ. ಈ ಭಾಗದಲ್ಲಿ ಈ ಮಾತು ದಿನಕ್ಕೆ ಹತ್ತು ಸಲ ಎಲ್ಲರೂ ಎಲ್ಲರಿಗೂ ಹೇಳುತ್ತಾರೆ. ಅದಕ್ಕೆ ಬರೂಣಂತ ಬರೂಣಂತ ಎಂಬ ಉತ್ತರ ಸಿದ್ಧವಾಗಿರುತ್ತದೆ. ಯಾರೂ ಬರುವುದಿಲ್ಲ.

“ಬರ್ತೇವ್ರಿ” ಎಂದರು ಬೀಗರು. “ಯಾವತ್ತ ಬರೂಣು?”

ವೀಣಾ ಬಂದಳು. ಮರುದಿನ ಬೀಗರೂ ಬೀಗಿತ್ತಿಯೂ ಎರಡು ಬ್ಯಾಗು, ಒಂದು ಟ್ಯಾಬು, ಅದರ ಚಾರ್ಜರಿನೊಂದಿಗೆ ಬಂದು ಇಳಿದರು. ಒಳಕೋಣೆ ಮಗಳದಾಯಿತು, ಗಿರಿಜಾ ಅವಳ ಪಕ್ಕದಲ್ಲಿ. ನಮ್ಮ ಮಲಗುವ ಕೋಣೆ ಬೀಗರದಾಯಿತು. ನಾನು ಪಡಸಾಲೆಯಲ್ಲಿ ಒಂದು ಗಾದಿ ಹಾಸಿಕೊಂಡೆ. ತಕರಾರಿನ ಮಾತಲ್ಲ ಇದು. ಹೆಂಗಸರಿಬ್ಬರೂ ಕೂಡಿ ಅಂಟಿನ ಉಂಡಿ ಕಟ್ಟುತ್ತಾರೆ, ವೀಣಾಳ ಕಾಲು ಒತ್ತುತ್ತಾರೆ, ನಾನು ಇರುವುದನ್ನು ಮರೆತು ನಗುತ್ತಾರೆ. ಬೀಗರು ಕಿಟಕಿಯ ಹತ್ತಿರ ಕೂತು, ಮರಳುಗಾಡಿನಲ್ಲಿ ತಾವು ಕಟ್ಟಿದ ಊರಿಗೆ ನೀರು ತರುವ ಯೋಚನೆಯಲ್ಲಿರುತ್ತಾರೆ.

ನಿನ್ನೆ ಗಿರಿಜಾ ನನ್ನನ್ನು ಅಡುಗೆಮನೆಗೆ ಕರೆದಳು. ಜೋಳ ಬೀಸಿಸಬೇಕು, ಬೀಗರು ಇನ್ನೂ ಎಷ್ಟು ದಿನ ಇರುತ್ತಾರೆ, ಸುಮ್ಮನೆ ನೆಟ್ಟಗೆ ಕೇಳಿ ಬರ್ರಿ ಎಂದಳು. ಒಮ್ಮೆ ಗೆದ್ದವನು ನಾನು. ಮುಖ್ಯ ಮಾತನ್ನು ಮೊದಲು ಇಳಿಯುವಂತೆ ಬಾಗಿಲ ಬಳಿಯೇ ಹೇರಿಕೊಂಡು ಹೋಗಿ ಅವರ ಎದುರಿಗೆ ನಿಂತೆ. ಅವರು ಕನ್ನಡಕದ ಮೇಲಿಂದ ತಲೆಯೆತ್ತಿ, ಏನೋ ಹೇಳಲಿಕ್ಕೆ ಬಂದಿರಿ ಎಂದರು.

“ಹಾಸಿಗಿ ಮೆತ್ತಗ ಐತಿಲ್ರಿ?” ಎಂದೆ.

“ನೆಟ್ಟಗ ಹೇಳ್ಲೇನ್ರಿ?” ಎಂದರು ಬೀಗರು. “ಒಂಚೂರು ಗಡಸ ಐತಿ.”

ಬೀಗಿತ್ತಿ ಅದನ್ನು ಕೇಳಿ ಬಹಳ ನಾಚಿಕೊಂಡರು. ಗಿರಿಜಾ, ಅದಕ್ಕೇನಂತ, ಇನ್ನೊಂದು ಐತಲ್ಲ ಎಂದು ಹೊರಗೆ ಬಂದು, ಪಡಸಾಲೆಯ ನನ್ನ ಗಾದಿಯನ್ನು ಸುರುಳಿ ಸುತ್ತತೊಡಗಿದಳು. ಭಾರವಿತ್ತು. ನಾನೇ ಇನ್ನೊಂದು ತುದಿ ಹಿಡಿದುಕೊಟ್ಟೆ.