ಮುದುಕಿಗೆ ಹೂಂ ಅನ್ನದ ಅನುವಾದಕ

ನನಗೆ ಜಪಾನಿ ಭಾಷೆಯ ಒಂದಕ್ಷರವೂ ಬರುವುದಿಲ್ಲ. ಆದರೂ ನಾನೊಂದು ಜಪಾನಿ ವಿಡಿಯೋ ಗೇಮನ್ನು ಕನ್ನಡಕ್ಕೆ ತಂದಿದ್ದೇನೆ. ಇದನ್ನು ಈವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಹಳೆಯ ಜಪಾನಿ ಆಟಗಳನ್ನು ಬರೀ ಪ್ರೀತಿಗಾಗಿ ತಮ್ಮ ಭಾಷೆಗೆ ಅನುವಾದಿಸುವ ಅಭಿಮಾನಿಗಳು ದೇಶವಿದೇಶಗಳಲ್ಲಿದ್ದಾರೆ ಎಂದು ಮೊನ್ನೆ ಪತ್ರಿಕೆಯಲ್ಲಿ ಓದಿದ ಮೇಲೆ ಧೈರ್ಯ ಬಂತು. ಅವರು ನಿಘಂಟು ಹಿಡಿದು ವರ್ಷಗಟ್ಟಲೆ ತಿಣುಕುತ್ತಾರಂತೆ, ಪಾಪ. ನಾನು ಜೇವರ್ಗಿಯಲ್ಲಿ ಕೂತು ನಲವತ್ತು ದಿನದೊಳಗೆ ಮುಗಿಸಿದ್ದೆ.

ತೊಂಬತ್ತರ ದಶಕದ ಮಾತು. ನಮ್ಮ ಹಳ್ಳಿ ಕಿಣ್ಣಿ ಸುಲ್ತಾನದಿಂದ ನೀಲಕ್ಕ ಕಾಲು ಮುರಿದುಕೊಂಡು ನಮ್ಮ ಮನೆಗೆ ಬಂದಳು. ಅವ್ವ ತೀರಿದ ಮೇಲೆ ನನ್ನನ್ನು ಸಾಕಿದ ಅಕ್ಕ. "ನಲವತ್ತು ದಿನ ಕಾಲು ನೆಲಕ್ಕ ಹಚ್ಚಬ್ಯಾಡ್ರಿ. ಎಲುಬು ಸೊಟ್ಟ ಕೂಡಿದ್ರ ಜೀವಮಾನ ಕುಂಟಬೇಕಾಗ್ತದ" ಎಂದು ಡಾಕ್ಟರು ಪ್ಲಾಸ್ಟರ್ ಹಾಕಿದರು. ಮೂರನೆಯ ದಿನಕ್ಕೇ ಅಕ್ಕ ಗೋಡೆ ಹಿಡಿದು ನಿಂತಿದ್ದಳು. "ನಮ್ಮ ಎಮ್ಮಿ ಬ್ಯಾರೇದವ್ರಿಗೆ ಹಾಲು ಕೊಡಂಗಿಲ್ಲೋ ತಮ್ಮಾ. ನನ್ನ ಬಸ್ಸಿಗೆ ಕೂಡಸು, ಹೋಗ್ತೇನಿ."

ನನಗೆ ದಿಕ್ಕು ತೋಚಲಿಲ್ಲ. ನನ್ನ ಹೆಂಡತಿಯ ತಮ್ಮ ಮುಂಬೈಯಿಂದ ತಂದು ಕೊಟ್ಟುಹೋಗಿದ್ದ ಟಿವಿ ಗೇಮೊಂದು ಅಟ್ಟದ ಮೇಲಿತ್ತು. ಅದರಲ್ಲಿ ಒಬ್ಬ ಪುಟ್ಟ ವೀರ ತನಗಿಂತ ಉದ್ದದ ಕತ್ತಿ ಹೊತ್ತು ಊರು ತಿರುಗುತ್ತಾನೆ. ಯಾರೆದುರು ನಿಂತರೂ ಕೆಳಗೆ ಜಪಾನಿ ಅಕ್ಷರಗಳು ಇರುವೆಗಳಂತೆ ಸಾಲುಗಟ್ಟುತ್ತವೆ. ಅರ್ಥವಾಗದ್ದಕ್ಕೇ ಅದನ್ನು ಅಟ್ಟಕ್ಕೆ ಹಾಕಿದ್ದೆ. ಆ ಸಂಜೆ ಬೇರೆ ಗತಿಯಿಲ್ಲದೆ ಹಚ್ಚಿದೆ. ಆಟದ ಊರಿನ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು.

"ಏನ್ ಅನ್ನಾಕತ್ತಾಳೋ ಆಕಿ?" ಅಕ್ಕ ಕೇಳಿದಳು.

"ಉಂಡು ಹೋಗಪಾ ಅನ್ನಾಕತ್ತಾಳ" ಎಂದುಬಿಟ್ಟೆ.

ಅಕ್ಕ ಗೋಡೆ ಬಿಟ್ಟು ಮಂಚದ ಮೇಲೆ ಕೂತಳು. "ಚಲೋ ಮಂದಿ ಅದಾರ" ಎಂದಳು.

ಅಲ್ಲಿಂದ ನಾನು ಅನುವಾದಕನಾದೆ. ಕಚೇರಿಯಲ್ಲಿ ಫೈಲುಗಳ ಕೆಳಗೆ ನೋಟ್‌ಬುಕ್ ಇಟ್ಟುಕೊಂಡು ಸಂಜೆಯ ಮಾತುಗಳನ್ನು ಬರೆಯುತ್ತಿದ್ದೆ. ನನ್ನ ಜಪಾನಿನ ರಾಜ "ಶರಣ್ರಿ" ಎನ್ನುತ್ತಿದ್ದ. ಕಮ್ಮಾರ ಮಳೆ ವಿಚಾರಿಸುತ್ತಿದ್ದ. ಯಾರ ಮನೆ ಹೊಕ್ಕರೂ ಚಹಾ ಕಾಯುತ್ತಿತ್ತು. "ಈ ಹುಡುಗ ಚಹಾ ಕುಡಕೋತ ರಾಕ್ಷಸನ್ನ ಹೊಡೀತಾನೇನ್ರಿ?" ಎಂದು ನನ್ನ ಹೆಂಡತಿ ಶಾಂತಾ ನಗುತ್ತಿದ್ದಳು.

ಊಟದ ಹೊತ್ತಾದಾಗ ಮುದುಕಿಯ ಬಳಿ ಬಂದು ಆಟ ಮುಗಿಸುವುದು ನಮ್ಮ ವಾಡಿಕೆ. ಅವಳು ಮಾತಾಡಿದ ಮೇಲೆ ಎರಡು ಸಾಲು ಮೂಡುತ್ತಿದ್ದವು. ಮೇಲಿನದು ಹೂಂ, ಕೆಳಗಿನದು ಬ್ಯಾಡ ಎಂದು ನಾನೇ ತೀರ್ಮಾನಿಸಿದ್ದೆ. ನಮ್ಮ ಕಡೆ ಊಟಕ್ಕೆ ಕರೆದ ತಕ್ಷಣ ಹೂಂ ಎಂದವನನ್ನು ಮರ್ಯಾದಸ್ಥ ಎನ್ನುವುದಿಲ್ಲ. "ಬ್ಯಾಡ್ರಿ, ಈಗಷ್ಟೇ ಆತು" ಎನ್ನಬೇಕು. ದಿನಾ ಕೆಳಗಿನದನ್ನೇ ಒತ್ತುತ್ತಿದ್ದೆ. ಮುದುಕಿ ತಲೆ ಬಾಗಿಸುತ್ತಿದ್ದಳು.

ಒಂದೇ ತಾಪತ್ರಯ. ದಿನವೂ ಆಟ ಮೊದಲಿನಿಂದಲೇ ಶುರುವಾಗುತ್ತಿತ್ತು. ಗಳಿಸಿದ ಗುರಾಣಿ, ದೀಪ ಎಲ್ಲ ಮಾಯ. ಜಪಾನಿನವರ ಆಟವೇ ಹೀಗಿರಬೇಕು ಎಂದುಕೊಂಡು ಅದೇ ಊರಿನ ಅದೇ ಜನರಿಗೆ ದಿನಾ ಹೊಸ ಮಾತು ಬರೆಯುತ್ತಿದ್ದೆ. ಕಮ್ಮಾರನ ಮಗಳಿಗೆ ಗಂಡು ನೋಡಿ, ಮದುವೆ ಮಾಡಿ, ಗಂಡನ ಮನೆಗೂ ಕಳಿಸಿದೆ. ಅಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಮ್ಮೆಯ ಹೆಸರೇ ಎತ್ತಲಿಲ್ಲ.

ಮೂವತ್ತೊಂಬತ್ತನೆಯ ದಿನ ಸಂಜೆ ಅಕ್ಕ ಸಿಟ್ಟಿಗೆದ್ದಳು. "ಲೇ, ಆಕಿ ದಿನಾ ಕರೀತಾಳ, ನೀ ದಿನಾ ಬ್ಯಾಡ ಅಂತಿ. ಕರದವ್ರಿಗೆ ಮನಸಿಲ್ಲೇನು? ಇವತ್ತ ಹೂಂ ಅನ್ನು." ಮೇಲಿನದನ್ನು ಒತ್ತಿದೆ. ಎಂದೂ ಕೇಳದ ಒಂದು ಸಣ್ಣ ರಾಗ ನುಡಿಯಿತು.

ಮರುದಿನ ಪ್ಲಾಸ್ಟರ್ ಬಿಚ್ಚಿದರು. ಎಲುಬು ನೆಟ್ಟಗೆ ಕೂಡಿತ್ತು. ನನಗೆ ಅಳುವಷ್ಟು ಖುಷಿಯಾಯಿತು. ಅಕ್ಕ ಮಧ್ಯಾಹ್ನದ ಬಸ್ಸಿಗೇ ಹೊರಟಳು. "ಊರಿಗೆ ಬಂದು ನಾಕು ದಿನ ಇದ್ದು ಹೋಗೋ ತಮ್ಮಾ" ಎಂದಳು. "ಈಗ ಬ್ಯಾಡಕ್ಕಾ, ಕಚೇರಿ ಅದ, ಮುಂದ ನೋಡೋಣು" ಎಂದೆ. ಅಕ್ಕ ತಲೆ ಬಾಗಿಸಿ ಬಸ್ಸು ಹತ್ತಿದಳು.

ಸಂಜೆ ಮನೆ ಬಿಕೋ ಎನ್ನುತ್ತಿತ್ತು. ಸುಮ್ಮನೆ ಆಟ ಹಚ್ಚಿದೆ. ವೀರ ಮೊದಲಿನ ಜಾಗದಲ್ಲಿರಲಿಲ್ಲ. ಮುದುಕಿಯ ಪಕ್ಕದಲ್ಲೇ ನಿಂತಿದ್ದ, ನಿನ್ನೆಯ ಗುರಾಣಿ, ನಿನ್ನೆಯ ದೀಪದ ಸಮೇತ. ಆಗ ತಿಳಿಯಿತು. ಅವಳು ಊಟಕ್ಕೆ ಕರೆಯುತ್ತಿರಲಿಲ್ಲ. "ಇವತ್ತಿನದನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳಲೇ?" ಎಂದು ಕೇಳುತ್ತಿದ್ದಳು. ನಾನು ಅಷ್ಟು ದಿನವೂ ಮರ್ಯಾದೆಯಿಂದ ಬ್ಯಾಡ ಎಂದಿದ್ದೆ. ಈಗ ಆಟ ಮುಂದೆ ಸಾಗುವಂತಿತ್ತು, ಆದರೆ ಕತೆ ಕೇಳಲು ಅಕ್ಕ ಇರಲಿಲ್ಲ. ಊರಿಗೆ ಕರೆದಾಗಲೆಲ್ಲ ಅಕ್ಕನಿಗೂ ಎಷ್ಟು ವರ್ಷದಿಂದ ಬ್ಯಾಡ ಎನ್ನುತ್ತ ಬಂದಿದ್ದೆ!

ಶನಿವಾರ ಕಚೇರಿ ಬಿಟ್ಟವನೇ ಬಸ್ಸು ಹತ್ತಿದೆ. ಅಕ್ಕ ಎಮ್ಮೆ ಹಿಂಡುತ್ತಿದ್ದಳು. ಎದ್ದು ಬಂದು ವಾಡಿಕೆಯಂತೆ ಕೇಳಿದಳು, "ಉಂಡು, ನಾಕು ದಿನ ಇದ್ದು ಹೋಗ್ತಿಯೇನೋ?"

"ಹೂಂ" ಎಂದೆ.

ಅಕ್ಕ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು. "ಯಾಕೋ ತಮ್ಮಾ, ಆರಾಮ ಇದ್ದಿ ಇಲ್ಲೋ?"