ಬಿಡಾಡಿಗಳ ಬೀದಿ

ಹೆಂಡತಿ ತೀರಿಕೊಂಡ ಮೇಲೆ ಚಳ್ಳಕೆರೆಯ ಮನೆಯಲ್ಲಿ ಒಬ್ಬನೇ ಇರಲಾಗದೆ ಮೊಳಕಾಲ್ಮೂರಿಗೆ ವರ್ಗ ಮಾಡಿಸಿಕೊಂಡೆ. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಕೆಲಸ. ಬಾಡಿಗೆ ಕೋಣೆ ನೇಕಾರರ ಬೀದಿಯಲ್ಲಿ. ಇಲ್ಲಿ ನಗು ಬರುವಂಥದ್ದು ದಿನಾ ಒಂದಾದರೂ ನಡೆಯುತ್ತದೆ. ಕೋಣೆಗೆ ಹೋಗಿ ಹೇಳೋಣವೆಂದರೆ ಕೇಳುವವರಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

೧. ಕೂಗಿಗೆ ಕಾಲಿಲ್ಲ

ಎದುರು ಮನೆಯ ಗಂಡ ಹೆಂಡತಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ನಡುವೆ ಸುಲಭಕ್ಕೆ ಏಳುವಂತಿಲ್ಲ. ಮಗಳು, ಅವಳ ಇಬ್ಬರು ತಮ್ಮಂದಿರು ಬೀದಿಯ ಪಾಲು. ಅವ್ವ ಒಳಗಿಂದಲೇ, "ಬಿಡಾಡಿಗಳಾ, ಬರ್ತೀನಿ ತಡೀರಿ!" ಎಂದು ಕೂಗುತ್ತಾಳೆ. ಮಕ್ಕಳು ಆ ಕೂಗಿಗೆ ಸೊಪ್ಪು ಹಾಕುವುದಿಲ್ಲ. ಅವರ ಕಿವಿಯೆಲ್ಲ ಮಗ್ಗದ ಟಕಟಕ ಸದ್ದಿನ ಮೇಲೆ. ಅದು ನಿಂತಿತೆಂದರೆ ಅವ್ವ ಎದ್ದಳೆಂದೇ ಅರ್ಥ.

ಒಂದು ಸಂಜೆ ಸದ್ದು ನಿಂತದ್ದೇ ತಡ, ಗೋಲಿ ಆಡುತ್ತಿದ್ದ ಮೂವರೂ ಜಗಲಿಗೆ ಹಾರಿ ಪುಸ್ತಕ ಹಿಡಿದು ಜೋರಾಗಿ ಓದತೊಡಗಿದರು. ಅವ್ವ ಬಂದು ನೋಡಿದಳು.

"ತಲೆಕೆಳಗಾಗೈತೆ. ನೆಟ್ಟಗೆ ಹಿಡ್ಕಂಡು ಓದ್ರಿ."

೨. ಅರ್ಥ

ಮಾರನೆಯ ದಿನ ಹುಡುಗಿ ಕೇಳಿದಳು: "ಸಾರ್, ಬಿಡಾಡಿ ಅಂದ್ರೇನು?"

ನನ್ನ ಇಲಾಖೆಯ ಪದ, ಗತ್ತಿನಿಂದಲೇ ಹೇಳಿದೆ: "ಕಟ್ಟಿಹಾಕೋರಿಲ್ಲದ ದನ ಕಣಮ್ಮ. ಎಲ್ಲಿಗೆ ಹೋಯ್ತು, ಏನು ತಿಂತು ಅಂತ ಸಂಜೆಗೆ ಯಾರೂ ಕೇಳಲ್ಲ."

"ನಮ್ಮವ್ವ ಕೇಳ್ತಾಳಲ್ಲ! ಅಂಗಾರೆ ನಾವಲ್ಲ. ನಿಮ್ನ ಯಾರು ಕೇಳ್ತಾರೆ?"

"ಯಾರೂ ಇಲ್ಲ."

"ಅಯ್ಯೋ, ಅಂಗಾರೆ ಬಿಡಾಡಿ ನೀವೇ!"

ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೋಣೆಗೆ ಬಂದ ಮೇಲೆ ಮಾತ್ರ ಒಲೆ ಹಚ್ಚಲು ಮನಸ್ಸಾಗಲಿಲ್ಲ.

೩. ಮಗ್ಗ ನಿಂತಿತು

ಮೊನ್ನೆ ಭಾನುವಾರ ಯಾರಿಗೂ ಹೇಳದೆ ಚಳ್ಳಕೆರೆಗೆ ಹೋಗಿ, ಬೀಗ ಹಾಕಿದ ಮನೆಯ ಮುಂದೆ ಸ್ವಲ್ಪ ಹೊತ್ತು ಕೂತು ಬಂದೆ. ವಾಪಸು ಬರುವಾಗ ಬಸ್ಸಿನಲ್ಲಿ ಕಣ್ಣು ಹತ್ತಿತು. ಇಳಿಯಬೇಕಾದ ಕ್ರಾಸು ದಾಟಿ ರಾಂಪುರದಲ್ಲಿ ಎಚ್ಚರವಾಯಿತು. ಅಲ್ಲಿಂದ ತಿರುಗಿ ಬೀದಿಗೆ ಬರುವಷ್ಟರಲ್ಲಿ ದೀಪ ಹಚ್ಚಿದ್ದರು.

ಹುಡುಗಿ ನನ್ನನ್ನು ಕಂಡವಳೇ ಒಳಗೆ ಕೂಗಿದಳು: "ಅವ್ವಾ, ಬಿಡಾಡಿ ಬಂತು!"

ಮಗ್ಗ ನಿಂತಿತು. ಮಕ್ಕಳು ಅಭ್ಯಾಸಬಲದಿಂದ ಪುಸ್ತಕ ಹಿಡಿದರು. ಹೊರಗೆ ಬಂದ ಅವ್ವ ಅವರತ್ತ ನೋಡಲೂ ಇಲ್ಲ, ಸೊಂಟದ ಮೇಲೆ ಕೈಯಿಟ್ಟು ನನ್ನ ಮುಂದೆಯೇ ನಿಂತಳು.

"ಏನ್ರೀ ಸಾರ್, ಒಂದ್ಮಾತು ಹೇಳ್ದಂಗೆ ಎಲ್ಲಿಗೋಗಿದ್ರಿ? ಉಂಡ್ರೋ ಇಲ್ವೋ?"

ಈ ಪ್ರಶ್ನೆ ಕೇಳಿಸಿಕೊಂಡು ಎಷ್ಟು ಕಾಲವಾಗಿತ್ತು! ಕಣ್ಣು ತುಂಬಿತು. ಮುಖ ಮರೆಸಲು ಜಗಲಿಯಲ್ಲಿದ್ದ ಹುಡುಗನ ಪುಸ್ತಕ ಕಿತ್ತುಕೊಂಡು ಅಡ್ಡ ಹಿಡಿದೆ.

"ಸಾರ್," ಹುಡುಗಿ ಪಿಸುಗುಟ್ಟಿದಳು, "ತಲೆಕೆಳಗಾಗೈತೆ."